ಛಾಯಾಚಿತ್ರದ ಹಿನ್ನೆಲೆಯಿಂದ ತಲೆಗೂದಲನ್ನು ಬಿಡಿಸುವ ವಿಧಾನ

ಸ್ಮರಣ ಸಂಚಿಕೆಯೊಂದನ್ನು ಸಿದ್ಧಪಡಿಸುವವರ ಕೈಸೇರುವ ಭಾವಚಿತ್ರಗಳು ಎಷ್ಟೋ ಬಗೆಯವು. ಒಂದು ಮದುವೆಯ ಚಪ್ಪರದಲ್ಲಿ ತೆಗೆದದ್ದು. ಇನ್ನೊಂದು ಮನೆಯ ಜಗಲಿಯಲ್ಲಿ ಮೊಬೈಲ್ ಫೋನಿನಿಂದ ತೆಗೆದದ್ದು. ಮತ್ತೊಂದು ಬಹುಕಾಲ ಪೆಟ್ಟಿಗೆಯೊಳಗಿದ್ದು ಹಳದಿಯಾದದ್ದು. ಒಂದರ ಹಿಂದೆ ಗೋಡೆಯ ಕ್ಯಾಲೆಂಡರು ತೂಗುತ್ತಿರುವುದು. ಇನ್ನೊಂದರ ಹಿಂದೆ ಯಾರದೋ ಅರ್ಧ ಮುಖ ಕಾಣಿಸುವುದು. ಇವನ್ನೆಲ್ಲ ಒಂದೇ ಪುಟದಲ್ಲಿ ಒಪ್ಪವಾಗಿ ಕೂಡಿಸಬೇಕಾದರೆ ಹಿನ್ನೆಲೆಯನ್ನು ತೆಗೆದುಹಾಕಿ, ಎಲ್ಲರ ಹಿಂದೆಯೂ ಒಂದೇ ಬಣ್ಣವನ್ನು ಇಡಬೇಕಾಗುವುದು. ಭುಜ, ಕೆನ್ನೆ, ಸೀರೆಯ ಸೆರಗು ಇವುಗಳ ಸುತ್ತ ಗೆರೆಯೆಳೆದು ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ತಲೆಗೂದಲಿನ ಬಳಿಗೆ ಬಂದ ಕೂಡಲೆ ಕೈ ತಡೆಯುವುದು. ಅವಸರಪಟ್ಟವರು ಕೂದಲಿನ ಸುತ್ತ ಒಂದು ದುಂಡಗಿನ ಗೆರೆಯನ್ನೆಳೆದು ಮುಗಿಸಿಬಿಡುವರು. ಆಗ ಚಿತ್ರದಲ್ಲಿರುವವರು ತಲೆಯ ಮೇಲೆ ಕರಿಯ ಟೊಪ್ಪಿಗೆಯಿಟ್ಟವರಂತೆ ಕಾಣುವರು. ಅಥವಾ ತಲೆಯ ಸುತ್ತ ಹಳೆಯ ಗೋಡೆಯ ಬಿಳಿಯ ಪಟ್ಟಿಯೊಂದು ಉಳಿದು, ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ತೋರುವುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಮನೆತನದ ಚಿತ್ರಸಂಪುಟಗಳನ್ನು ತಾವೇ ಜೋಡಿಸುತ್ತಿದ್ದಾರೆ. ಅವರ ಮಕ್ಕಳು ಶಾಲೆಯ ಕೆಲಸಕ್ಕಾಗಿ ಗಣಕಯಂತ್ರದಲ್ಲಿ ಚಿತ್ರಗಳನ್ನು ತಿದ್ದುತ್ತಿದ್ದಾರೆ. ಅಂಥವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿದ್ದೇವೆ. ಇದರಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಮಾತು: ಕೂದಲನ್ನು ಕತ್ತರಿಸಲಾಗದು, ಪಾಲು ಮಾಡಬಹುದು. ಈ ಮಾತಿನ ಅರ್ಥ ತಿಳಿದವರಿಗೆ ಯಾವ ತಂತ್ರಾಂಶವಾದರೂ ಒಂದೇ.

1. ಕೂದಲಿಗೆ ಅಂಚಿಲ್ಲ

ಹೊಲಿಗೆಯ ತರಗತಿಯಲ್ಲಿ ಚೌಕಳಿ ಬಟ್ಟೆಯ ಮೇಲೆ ಕ್ರಾಸ್‌ಸ್ಟಿಚ್ ಹಾಕಿದವರಿಗೆ ಗಣಕಯಂತ್ರದ ಚಿತ್ರವೆಂದರೇನೆಂಬುದನ್ನು ತಿಳಿಸುವುದು ಸುಲಭ. ಅಲ್ಲಿ ಗುಲಾಬಿಯ ಹೂವನ್ನಾಗಲಿ ಗಿಣಿಯನ್ನಾಗಲಿ ಚಿಕ್ಕ ಚಿಕ್ಕ ಚೌಕಗಳಿಂದಲೇ ತುಂಬಬೇಕು. ಒಂದು ಚೌಕಕ್ಕೆ ಒಂದೇ ಬಣ್ಣದ ದಾರ. ಗಣಕಯಂತ್ರದ ಚಿತ್ರವೂ ಹಾಗೆಯೇ. ಅದರ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಒಂದು ಪಿಕ್ಸೆಲ್ಲಿನೊಳಗೆ ಒಂದೇ ಬಣ್ಣವಿರಬಹುದಲ್ಲದೆ ಎರಡಿರಲಾರವು.

ಇನ್ನು ಮನುಷ್ಯನ ತಲೆಗೂದಲಿನ ದಪ್ಪವನ್ನು ನೋಡೋಣ. ಅದು ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರಿನವರೆಗೆ ಇರುವುದು. ತಲೆಯಿಂದ ಎದೆಯವರೆಗಿನ 60 ಸೆಂಟಿಮೀಟರ್ ಭಾಗವನ್ನು 3,000 ಪಿಕ್ಸೆಲ್ ಎತ್ತರದ ಚಿತ್ರವಾಗಿ ತೆಗೆದಿದ್ದೇವೆಂದು ಭಾವಿಸಿರಿ. ಆಗ ಒಂದೊಂದು ಪಿಕ್ಸೆಲ್ಲಿಗೆ 0.2 ಮಿಲಿಮೀಟರ್ ಸ್ಥಳ ಬರುವುದು. 0.07 ಮಿಲಿಮೀಟರ್ ದಪ್ಪದ ಕೂದಲೊಂದು ಆ ಚೌಕದಲ್ಲಿ ನೂರಕ್ಕೆ 35 ಪಾಲನ್ನು ಮಾತ್ರ ತುಂಬುವುದು. ಉಳಿದ 65 ಪಾಲು ಹಿಂದಿನ ಗೋಡೆಯದು. ಕ್ಯಾಮೆರಾ ಇವೆರಡನ್ನೂ ಕಲಸಿ ಒಂದೇ ಬಣ್ಣವಾಗಿ ಬರೆದಿಡುವುದು. ಆದುದರಿಂದ ಆ ಪಿಕ್ಸೆಲ್ಲು ಕೂದಲೂ ಅಲ್ಲ, ಗೋಡೆಯೂ ಅಲ್ಲ, ಎರಡರ ಮಿಶ್ರಣ. ಹಾಲಿಗೆ ನೀರು ಬೆರೆತಮೇಲೆ ಕತ್ತರಿಯಿಂದ ಅವನ್ನು ಬೇರೆ ಮಾಡಲಾದೀತೇ? ಇಲ್ಲಿಯೂ ಹಾಗೆಯೇ. ಗೆರೆಯ ಒಳಗೆ ಸೇರಿಸಿದರೆ ಗೋಡೆಯೂ ಬರುವುದು. ಹೊರಗೆ ಬಿಟ್ಟರೆ ಕೂದಲೂ ಹೋಗುವುದು.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. 8 ಮೀಟರ್ ಅಗಲಕ್ಕೆ ಸಾಲಾಗಿ ನಿಂತ ತರಗತಿಯ ಚಿತ್ರವು 4,000 ಪಿಕ್ಸೆಲ್ ಅಗಲವಿದ್ದರೆ, ಒಂದು ಪಿಕ್ಸೆಲ್ಲಿಗೆ 2 ಮಿಲಿಮೀಟರ್ ಸ್ಥಳವಾಯಿತು. ಒಂಟಿ ಕೂದಲಿಗೆ ಅದರಲ್ಲಿ ನೂರಕ್ಕೆ 4 ಪಾಲು ಸಹ ದೊರೆಯದು. ಎಂದರೆ ಗುಂಪಿನ ಚಿತ್ರದಲ್ಲಿ ಒಂಟಿ ಕೂದಲುಗಳು ಮೊದಲೇ ಇಲ್ಲ. ಕೂದಲಿನ ಮೃದುವಾದ ಹೊಗೆಯಂಥ ಅಂಚು ಮಾತ್ರ ಇರುವುದು. ಅಲ್ಲಿ ಎಳೆಎಳೆಯಾಗಿ ಬಿಡಿಸಲು ಹೋಗುವುದು ಇಲ್ಲದ್ದನ್ನು ಹುಡುಕಿದಂತೆ. ಮೊದಲು ಚಿತ್ರವನ್ನು ದೊಡ್ಡದಾಗಿಸಿ ನೋಡಿ, ಅದರಲ್ಲಿ ಏನುಂಟು ಏನಿಲ್ಲ ಎಂಬುದನ್ನು ನಿಶ್ಚಯಿಸಿಕೊಂಡ ಬಳಿಕವೇ ಕೆಲಸಕ್ಕೆ ಕೈಹಾಕತಕ್ಕದ್ದು.

2. ಮಿಶ್ರಣದ ಲೆಕ್ಕ

ಗಣಕಯಂತ್ರದಲ್ಲಿ ಬೆಳಕಿನ ಪ್ರಮಾಣವನ್ನು ವಾಡಿಕೆಯಾಗಿ 0ಯಿಂದ 255ರವರೆಗಿನ ಅಂಕೆಗಳಿಂದ ತೋರಿಸುವರು. 0 ಎಂದರೆ ಅಪ್ಪಟ ಕಪ್ಪು. 255 ಎಂದರೆ ಅಪ್ಪಟ ಬಿಳಿ. ಕೂದಲಿನ ಅಂಕೆ 30, ಗೋಡೆಯ ಅಂಕೆ 230 ಎಂದಿಟ್ಟುಕೊಳ್ಳಿರಿ. ನಮ್ಮ ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು 35, ಗೋಡೆಯ ಪಾಲು 65. 30ರಲ್ಲಿ ನೂರಕ್ಕೆ 35 ಪಾಲೆಂದರೆ 10.5, 230ರಲ್ಲಿ ನೂರಕ್ಕೆ 65 ಪಾಲೆಂದರೆ 149.5. ಕೂಡಿದರೆ 160. ಇದು ನಡುತರದ ಬೂದುಬಣ್ಣ.

ಈಗ ಇದೇ ಚಿತ್ರವನ್ನು 60 ಅಂಕೆಯ ಕಡುಬಣ್ಣದ ಹಿನ್ನೆಲೆಯ ಮೇಲೆ ಇಡಬೇಕಾಗಿದೆ. ಆ ಮನುಷ್ಯರು ನಿಜವಾಗಿಯೂ ಅಂಥ ಹಿನ್ನೆಲೆಯ ಮುಂದೆ ನಿಂತಿದ್ದರೆ ಆ ಚೌಕದಲ್ಲಿ 10.5ಕ್ಕೆ 39 ಕೂಡಿ ಸುಮಾರು 50 ಆಗುತ್ತಿತ್ತು. 160ರ ಪಿಕ್ಸೆಲ್ಲನ್ನು ಹಾಗೆಯೇ ಕತ್ತರಿಸಿ ತಂದಿಟ್ಟರೆ ಅದು ಕತ್ತಲೆಯಲ್ಲಿ ಬಿಳಿಯ ಚುಕ್ಕಿಯಾಗಿ ಹೊಳೆಯುವುದು. ತಲೆಯ ಸುತ್ತ ಕಾಣುವ ಬಿಳಿಯ ಪಟ್ಟಿಗೆ ಇದೇ ಕಾರಣ. ಪಾಲನ್ನು ಸರಿಯಾಗಿ 35 ಎಂದು ಕಂಡುಹಿಡಿದರೂ ಬಣ್ಣವನ್ನು ತಿದ್ದದಿದ್ದರೆ, 160ರಲ್ಲಿ 35 ಪಾಲು 56, ಹಿನ್ನೆಲೆಯದು 39, ಒಟ್ಟು 95 ಆಗುವುದು; ಅದೂ 50ಕ್ಕಿಂತ ಬಹಳ ಹೆಚ್ಚು. ಆದುದರಿಂದ ಎರಡು ಕಾರ್ಯಗಳು ಆಗಬೇಕು. ಮೊದಲನೆಯದು, ಪ್ರತಿಯೊಂದು ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು ಎಷ್ಟೆಂದು ಕಂಡುಹಿಡಿಯುವುದು. ಎರಡನೆಯದು, ಅದರಲ್ಲಿ ಬೆರೆತ ಗೋಡೆಯ ಬಣ್ಣವನ್ನು ತೊಳೆದು ಕೂದಲಿನ ನಿಜವಾದ ಬಣ್ಣವನ್ನು ಇಡುವುದು. ಅನೇಕರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವರು.

3. ಈ ವಿದ್ಯೆಯ ಪೂರ್ವಚರಿತ್ರೆ

ಈ ತೊಡಕು ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಅಚ್ಚುಕೂಟಗಳಲ್ಲಿ ಭಾವಚಿತ್ರಗಳಿಗೆ ಬ್ಲಾಕ್ ಮಾಡಿಸುತ್ತಿದ್ದ ಕಾಲದಲ್ಲಿ, ಚಿತ್ರ ತಿದ್ದುವವರು ಕುಂಚದಿಂದ ತಲೆಯ ಸುತ್ತ ಬಣ್ಣ ಬಳಿದು ಹಿನ್ನೆಲೆಯನ್ನು ಮುಚ್ಚುತ್ತಿದ್ದರು. ಕುಂಚದ ತುದಿ ಕೂದಲಿಗಿಂತ ದಪ್ಪವಾದುದರಿಂದ ಚಿಕ್ಕ ಚಿಕ್ಕ ಎಳೆಗಳೆಲ್ಲ ಅದರಡಿಯಲ್ಲಿ ಅಳಿಯುತ್ತಿದ್ದವು. ಹಳೆಯ ಪುಸ್ತಕಗಳಲ್ಲಿ ಕೆಲವರ ತಲೆ ಅಚ್ಚಿನಲ್ಲಿ ಹೊಯ್ದಂತೆ ನುಣುಪಾಗಿ ಕಾಣುವುದು ಇದರಿಂದಲೇ.

ಚಲಚ್ಚಿತ್ರದವರಿಗಂತೂ ಈ ತೊಡಕು ಇನ್ನೂ ದೊಡ್ಡದಾಗಿತ್ತು. ಏಕೆಂದರೆ ಅವರು ಒಂದು ಸೆಕೆಂಡಿಗೆ 24 ಚಿತ್ರಗಳಲ್ಲಿ ಹಿನ್ನೆಲೆಯನ್ನು ಬದಲಿಸಬೇಕಾಗಿತ್ತು. 1940ರಲ್ಲಿ ಹೊರಬಂದ ‘ದಿ ಥೀಫ್ ಆಫ್ ಬಾಗ್ದಾದ್’ ಎಂಬ ವರ್ಣಚಿತ್ರದಲ್ಲಿ ಲ್ಯಾರಿ ಬಟ್ಲರ್ ಎಂಬವರು ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಆ ನೀಲಿಯ ಸ್ಥಾನದಲ್ಲಿ ಬೇರೆ ದೃಶ್ಯವನ್ನು ಕೂಡಿಸಿದರು. ಆ ಚಿತ್ರದ ಬಾಲನಟ ಸಾಬು ನಮ್ಮ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗನೆಂಬುದನ್ನು ವಾಚಕರು ಸಂತೋಷದಿಂದ ನೆನೆಯುವರು. ಆದರೆ ಆ ವಿಧಾನದಲ್ಲಿ ಕೂದಲು, ಹೊಗೆ, ಗಾಜು ಮುಂತಾದವುಗಳ ಅಂಚಿನಲ್ಲಿ ನೀಲಿಯ ಗೆರೆ ಉಳಿಯುತ್ತಿತ್ತು. ಪೆಟ್ರೋ ವ್ಲಾಹೋಸ್ ಎಂಬವರು 1959ರ ‘ಬೆನ್ ಹರ್’ ಚಿತ್ರಕ್ಕಾಗಿ ಈ ಕ್ರಮವನ್ನು ಬಹಳ ಮಟ್ಟಿಗೆ ಸುಧಾರಿಸಿದರು. 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ಇನ್ನೊಂದು ಉಪಾಯವನ್ನು ಬಳಸಲಾಯಿತು: ಪರದೆಯ ಮೇಲೆ ಸೋಡಿಯಂ ದೀಪದ ಹಳದಿ ಬೆಳಕನ್ನು ಚೆಲ್ಲಿ, ಕ್ಯಾಮೆರಾದೊಳಗಿನ ಗಾಜಿನ ಪಟ್ಟಕದಿಂದ ಆ ಬೆಳಕನ್ನು ಮಾತ್ರ ಬೇರೊಂದು ಫಿಲ್ಮಿನ ಮೇಲೆ ಬೀಳಿಸಿದರು. ಹೀಗೆ ನಟರ ಚಿತ್ರವೂ ಅವರ ಅಂಚಿನ ಚಿತ್ರವೂ ಒಂದೇ ಹೊತ್ತಿನಲ್ಲಿ ಸಿದ್ಧವಾದವು.

ಗಣಕಯಂತ್ರದ ಚಿತ್ರಗಳಲ್ಲಿ ‘ಪಾಲು’ ಎಂಬುದಕ್ಕೆ ಒಂದು ಸ್ಥಾನವನ್ನು ಕಲ್ಪಿಸಿದವರು ನ್ಯೂಯಾರ್ಕಿನಲ್ಲಿ ಕೆಲಸಮಾಡುತ್ತಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್. 1970ರ ದಶಕದ ಕೊನೆಯಲ್ಲಿ ಇವರು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕೆಗಳೊಂದಿಗೆ ನಾಲ್ಕನೆಯದೊಂದನ್ನು ಸೇರಿಸಿ, ಅದಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಈ ಪಿಕ್ಸೆಲ್ಲಿನಲ್ಲಿ ವಸ್ತುವಿನ ಪಾಲು ಎಷ್ಟೆಂಬುದನ್ನು ಅದು ಹೇಳುವುದು. ಪಾಲುಗಳನ್ನು ಕೂಡಿಸುವ ಲೆಕ್ಕವನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು ಕ್ರಮಪಡಿಸಿದರು. ಮೇಲೆ ನಾವು ಮಾಡಿದ ಲೆಕ್ಕವು ಅದರದೇ ಒಂದು ಚಿಕ್ಕ ಉದಾಹರಣೆ.

ಹಾಗಾದರೆ ಯಂತ್ರವೇ ಪಾಲನ್ನು ಕಂಡುಹಿಡಿಯಬಾರದೇಕೆ? ಬೀಜಗಣಿತ ಬಲ್ಲವರು ಹೀಗೆ ಯೋಚಿಸಲಿ. ಒಂದು ಪಿಕ್ಸೆಲ್ಲಿನಲ್ಲಿ ನಮಗೆ ಗೊತ್ತಿರುವುದು ಮೂರು ಅಂಕೆಗಳು. ಗೊತ್ತಿಲ್ಲದವು ಏಳು: ಕೂದಲಿನ ಬಣ್ಣದ ಮೂರು, ಗೋಡೆಯ ಬಣ್ಣದ ಮೂರು, ಪಾಲು ಒಂದು. ಮೂರು ಸಮೀಕರಣಗಳಿಂದ ಏಳು ಅವ್ಯಕ್ತಗಳನ್ನು ಬಿಡಿಸಲಾಗದೆಂಬುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಒಂದೇ ವಸ್ತುವನ್ನು ಎರಡು ಬೇರೆ ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ಚಿತ್ರಿಸಿದರೆ ಈ ಲೆಕ್ಕವನ್ನು ಬಿಡಿಸಬಹುದೆಂದು ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ 1996ರಲ್ಲಿ ತೋರಿಸಿಕೊಟ್ಟರು. ಆದರೆ ಜೀವಂತ ಮನುಷ್ಯರ ಕೂದಲು ಎರಡು ಕ್ಷಣ ಒಂದೇ ರೀತಿಯಲ್ಲಿ ನಿಲ್ಲದಷ್ಟೆ! ಆದಕಾರಣ ಎಲ್ಲ ತಂತ್ರಾಂಶಗಳೂ ಸುತ್ತಲಿನ ಪಿಕ್ಸೆಲ್ಲುಗಳನ್ನು ನೋಡಿ ಊಹೆ ಮಾಡುತ್ತವೆ. ಊಹೆಗೆ ಸಹಾಯ ಮಾಡುವುದೇ ನಮ್ಮ ಕೆಲಸ.

4. ಚಿತ್ರ ತೆಗೆಯುವಾಗಿನ ಜಾಗ್ರತೆ

ಅರ್ಧ ಕೆಲಸವು ಕ್ಯಾಮೆರಾದ ಮುಂದೆಯೇ ಮುಗಿಯತಕ್ಕದ್ದು. ಗೋಡೆಗೆ ಒರಗಿ ನಿಲ್ಲದೆ ನಾಲ್ಕೈದು ಅಡಿ ಮುಂದೆ ನಿಲ್ಲಬೇಕು. ಇದರಿಂದ ಗೋಡೆಯ ಮೇಲೆ ತಲೆಯ ನೆರಳು ಬೀಳದು, ಗೋಡೆಯ ಬಣ್ಣವು ಕೂದಲಿನ ಮೇಲೆ ಪ್ರತಿಫಲಿಸದು. ಹಿನ್ನೆಲೆಯಲ್ಲಿ ಕಿಟಕಿಯ ಸರಳಾಗಲಿ ಹೂಬಳ್ಳಿಯಾಗಲಿ ಇರದೆ ಒಂದೇ ಬಣ್ಣವಿರಬೇಕು. ಕಪ್ಪು ಕೂದಲಿನವರಿಗೆ ತಿಳಿಬಣ್ಣದ ಗೋಡೆ ಒಳ್ಳೆಯದು. ನರೆತವರಿಗೆ ಕಡುಬಣ್ಣದ ಬಟ್ಟೆಯೊಂದನ್ನು ಹಿಂದೆ ಕಟ್ಟತಕ್ಕದ್ದು. ಫ್ಯಾನನ್ನು ನಿಲ್ಲಿಸಬೇಕು; ಅಲುಗಾಡಿದ ಕೂದಲು ಮಸುಕಾಗಿ ಮೂಡುವುದರಿಂದ ಅದರ ಪಾಲು ಇನ್ನೂ ಕಡಮೆಯಾಗುವುದು.

5. ಕೆಲಸದ ಕ್ರಮ

ಫೋಟೋಶಾಪ್ ಎಂಬ ತಂತ್ರಾಂಶವು 1990ರಲ್ಲಿ ಹೊರಬಂದಿತು. ಅದಕ್ಕೆ ಹಣ ಕೊಡಬೇಕು. ಗಿಂಪ್ ಎಂಬುದನ್ನು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದರು. ಅದು ಉಚಿತವಾಗಿ ದೊರೆಯುವುದು. ಮುಂದಿನ ಕ್ರಮವು ಎರಡಕ್ಕೂ ಸಲ್ಲುವುದು.

ಮೊದಲನೆಯದಾಗಿ, ಮೂಲಚಿತ್ರವನ್ನು ಮುಟ್ಟಬಾರದು. ಅದರ ನಕಲನ್ನು ಮಾಡಿಕೊಂಡು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಅಳಿಸುವ ರಬ್ಬರನ್ನೂ ಬಳಸಬಾರದು. ಅದರ ಬದಲು ಲೇಯರಿಗೆ ಮಾಸ್ಕ್ ಎಂಬ ಮುಸುಕನ್ನು ಹಾಕತಕ್ಕದ್ದು. ಮುಸುಕಿನಲ್ಲಿ ಬಿಳಿಯಿದ್ದಲ್ಲಿ ಚಿತ್ರ ಕಾಣುವುದು, ಕಪ್ಪಿದ್ದಲ್ಲಿ ಮರೆಯಾಗುವುದು, ಬೂದುಬಣ್ಣವಿದ್ದಲ್ಲಿ ಅದರ ಪ್ರಮಾಣಕ್ಕೆ ತಕ್ಕಷ್ಟು ಕಾಣುವುದು. ನಾವು ಹೇಳಿದ ಪಾಲೆಂದರೆ ಈ ಬೂದುಬಣ್ಣವೇ. ಮುಸುಕಿನಲ್ಲಿ ತಪ್ಪಿದರೆ ಮತ್ತೆ ಬಿಳಿ ಬಳಿದು ಸರಿಪಡಿಸಬಹುದು. ರಬ್ಬರಿನಿಂದ ಅಳಿಸಿದ್ದು ಮರಳಿ ಬಾರದು.

ಎರಡನೆಯದಾಗಿ, ಚಾನೆಲ್ಲುಗಳನ್ನು ಪರೀಕ್ಷಿಸಬೇಕು. ಪ್ರತಿಯೊಂದು ವರ್ಣಚಿತ್ರವೂ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ಲುಗಳಿಂದ ಆಗಿದೆ. ಒಂದೊಂದನ್ನೂ ಕಪ್ಪುಬಿಳುಪಿನ ಚಿತ್ರವಾಗಿ ನೋಡಬಹುದು. ಕೂದಲಿಗೂ ಗೋಡೆಗೂ ಯಾವುದರಲ್ಲಿ ಹೆಚ್ಚು ವ್ಯತ್ಯಾಸ ತೋರುವುದೋ ಅದನ್ನು ಆರಿಸತಕ್ಕದ್ದು. ಗೋಡೆ ಬಿಳಿಯಾಗಿದ್ದರೆ ಸಾಮಾನ್ಯವಾಗಿ ನೀಲಿ ಚಾನೆಲ್ಲು ಒಳ್ಳೆಯದು. ನಮ್ಮವರ ಕಪ್ಪು ಕೂದಲಿನಲ್ಲಿಯೂ ತುಸು ಕಂದುಬಣ್ಣ ಇರುವುದರಿಂದ ನೀಲಿಯಲ್ಲಿ ಅದು ಇನ್ನಷ್ಟು ಕಪ್ಪಾಗುವುದು. ಗೋಡೆ ಹಳದಿ ಅಥವಾ ಕೆನೆಬಣ್ಣದ್ದಾಗಿದ್ದರೆ ನೀಲಿಯಲ್ಲಿ ಗೋಡೆಯೂ ಕಪ್ಪಾಗುವುದರಿಂದ ಕೆಂಪು ಅಥವಾ ಹಸಿರನ್ನು ನೋಡಬೇಕು.

ಮೂರನೆಯದಾಗಿ, ಆರಿಸಿದ ಚಾನೆಲ್ಲಿನ ನಕಲು ಮಾಡಿ, ಲೆವೆಲ್ಸ್ ಎಂಬ ಉಪಕರಣದಿಂದ ಗೋಡೆಯನ್ನು ಬಿಳಿಯ ಕಡೆಗೂ ಕೂದಲನ್ನು ಕಪ್ಪಿನ ಕಡೆಗೂ ಸರಿಸಬೇಕು. ನಮ್ಮ ಉದಾಹರಣೆಯಲ್ಲಿ ಕಪ್ಪಿನ ಗುರುತನ್ನು 30ಕ್ಕೂ ಬಿಳಿಯ ಗುರುತನ್ನು 230ಕ್ಕೂ ಇಟ್ಟು, ನಡುವಿನ ಗುರುತನ್ನು ಮುಟ್ಟದೆ ಬಿಡಬೇಕು. ಆಗ 160ರ ಪಿಕ್ಸೆಲ್ಲು ಇವೆರಡರ ನಡುವೆ ನೂರಕ್ಕೆ 65ರಷ್ಟು ಬಿಳಿಯಾಗುವುದು. ಚಾನೆಲ್ಲನ್ನು ಇನ್ವರ್ಟ್ ಮಾಡಿ ಕಪ್ಪು ಬಿಳಿಗಳನ್ನು ಅದಲುಬದಲಾಗಿಸಿದರೆ 35 ಉಳಿಯುವುದು. ಇದು ಮೊದಲು ಕಂಡ ಕೂದಲಿನ ಪಾಲೇ ಅಲ್ಲವೇ? ಹೀಗೆ ಲೆಕ್ಕ ಮಾಡದೆಯೇ ಪ್ರತಿಯೊಂದು ಪಿಕ್ಸೆಲ್ಲಿನ ಪಾಲು ತಾನಾಗಿ ದೊರೆಯಿತು. ಆದರೆ ಅಂಚು ಸ್ಪಷ್ಟವಾಗಲೆಂಬ ಆಸೆಯಿಂದ ಗುರುತುಗಳನ್ನು ಇನ್ನೂ ಹತ್ತಿರ ತಂದರೆ ನಡುವಿನ ಬೂದುಬಣ್ಣವೆಲ್ಲ ಕಪ್ಪು ಇಲ್ಲವೆ ಬಿಳಿಯಾಗಿ, ನಾವು ಕತ್ತರಿಗೇ ಮರಳಿದಂತಾಗುವುದು.

ನಾಲ್ಕನೆಯದಾಗಿ, ಮುಖ, ಕಣ್ಣು, ಬಟ್ಟೆ ಇವುಗಳ ಮೇಲೆ ಬಿಳಿಯ ಬ್ರಷ್ಷಿನಿಂದ ತುಂಬಬೇಕು. ಏಕೆಂದರೆ ಚಾನೆಲ್ಲಿಗೆ ಮುಖ ಯಾವುದು ಗೋಡೆ ಯಾವುದು ಎಂಬ ವಿವೇಕವಿಲ್ಲ. ಭುಜದ ಅಂಚಿಗೆ ಗಟ್ಟಿಯಾದ ಬ್ರಷ್ಷನ್ನೂ ಕೂದಲಿನ ಸಮೀಪದಲ್ಲಿ ಮೃದುವಾದುದನ್ನೂ ಹಿಡಿಯಬೇಕು. ಬಳಿಕ ಆ ಚಾನೆಲ್ಲನ್ನು ಸೆಲೆಕ್ಷನ್ ಆಗಿ ಮಾರ್ಪಡಿಸಿ, ಅದರಿಂದ ಲೇಯರಿಗೆ ಮುಸುಕನ್ನು ಹಾಕತಕ್ಕದ್ದು.

ಐದನೆಯದಾಗಿ, ಬಣ್ಣವನ್ನು ತೊಳೆಯಬೇಕು. ಮುಸುಕನ್ನು ಮುಟ್ಟದೆ, ಚಿತ್ರದ ಲೇಯರನ್ನೇ ಆರಿಸಿಕೊಂಡು, ಪಕ್ಕದ ದಟ್ಟವಾದ ಕೂದಲಿನ ಬಣ್ಣವನ್ನು ತೆಗೆದುಕೊಂಡು, ಅಂಚಿನ ಎಳೆಗಳ ಮೇಲೆ ಮೃದುವಾಗಿ ಬಳಿಯಬೇಕು. ಪಾಲು ಮುಸುಕಿನಲ್ಲಿ ಭದ್ರವಾಗಿರುವುದರಿಂದ ಬಣ್ಣ ಎಳೆಯ ಹೊರಗೆ ಚೆಲ್ಲಿದರೂ ಕಾಣದು. ಫೋಟೋಶಾಪಿನಲ್ಲಿ ಡಿಕಂಟ್ಯಾಮಿನೇಟ್ ಕಲರ್ಸ್ ಎಂಬ ಗುರುತನ್ನು ಹಾಕಿದರೆ ಯಂತ್ರವೇ ಇದನ್ನು ಮಾಡುವುದು.

ಹಿನ್ನೆಲೆ ಒಂದೇ ಬಣ್ಣವಾಗಿರದಿದ್ದರೆ ಚಾನೆಲ್ಲಿನ ಕ್ರಮ ನಡೆಯದು. ಆಗ ಚಿತ್ರವನ್ನು ಮೂರು ಭಾಗಗಳಾಗಿ ಗುರುತಿಸುವ ಕ್ರಮವುಂಟು: ಇದು ನಿಶ್ಚಯವಾಗಿ ಮನುಷ್ಯ, ಇದು ನಿಶ್ಚಯವಾಗಿ ಹಿನ್ನೆಲೆ, ಇದು ಸಂದೇಹದ ಪಟ್ಟಿ. ಗಿಂಪಿನ ಫೋರ್‌ಗ್ರೌಂಡ್ ಸೆಲೆಕ್ಟ್ ಹಾಗೂ ಫೋಟೋಶಾಪಿನ ಸೆಲೆಕ್ಟ್ ಅಂಡ್ ಮಾಸ್ಕ್ ಇವುಗಳ ತತ್ತ್ವ ಇದೇ. ಸಂದೇಹದ ಪಟ್ಟಿಯೊಳಗೆ ಮಾತ್ರ ಯಂತ್ರವು ಊಹಿಸುವುದು. ಆದುದರಿಂದ ಎಳೆಗಳೆಲ್ಲ ಒಳಗೆ ಬರುವಷ್ಟು ಅಗಲವಾಗಿಯೂ, ಹಣೆ ಕಿವಿಗಳು ಸೇರದಷ್ಟು ಇಕ್ಕಟ್ಟಾಗಿಯೂ ಅದನ್ನು ಬಳಿಯಬೇಕು.

6. ನರೆಗೂದಲು, ಮಲ್ಲಿಗೆ, ಹಳೆಯ ಪಟ

ನಮ್ಮ ನಾಡಿನ ಚಿತ್ರಗಳಲ್ಲಿ ಮೂರು ವಿಶೇಷ ತೊಡಕುಗಳುಂಟು. ಮುಡಿದ ಮಲ್ಲಿಗೆ ಬಿಳಿಯದು. ಗೋಡೆಯೂ ಬಿಳಿಯದಾದರೆ ಚಾನೆಲ್ಲಿಗೆ ಎರಡೂ ಒಂದೇ. ಕಪ್ಪು ಜಡೆ ಉಳಿದು, ಹೂವಿದ್ದಲ್ಲಿ ತೂತು ಬೀಳುವುದು. ಆದಕಾರಣ ಮುಸುಕಿನಲ್ಲಿ ಹೂವಿನ ಮೇಲೆ ಬಿಳಿಯನ್ನು ಕೈಯಿಂದಲೇ ತುಂಬತಕ್ಕದ್ದು. ಅಂಚಿನ ಮೊಗ್ಗುಗಳನ್ನು ಒಂದೊಂದಾಗಿ ಸುತ್ತಿ ಬರಬೇಕು.

ನರೆಗೂದಲು ಬಿಳಿಯ ಗೋಡೆಯ ಮುಂದೆ ಇದ್ದರೆ ಯಾವ ಚಾನೆಲ್ಲಿನಲ್ಲಿಯೂ ವ್ಯತ್ಯಾಸ ಸಿಕ್ಕದು. ಇಂಥ ಚಿತ್ರಕ್ಕೆ ಕಡುಬಣ್ಣದ ಹಿನ್ನೆಲೆಯನ್ನು ಬಯಸದೆ, ತಿಳಿಬಣ್ಣದ ಹಿನ್ನೆಲೆಯನ್ನೇ ಆರಿಸುವುದು ಜಾಣತನ. ಹಳೆಯ ಗೋಡೆಗೆ ಹತ್ತಿರವಾದ ಬಣ್ಣವನ್ನು ಇಟ್ಟರೆ ಪಾಲಿನ ಲೆಕ್ಕ ತಪ್ಪಿದರೂ ಕಣ್ಣಿಗೆ ಕಾಣದು. ಕಪ್ಪು ಕೂದಲಿನವರಿಗೂ ಇಂಥದೇ ಸುಲಭೋಪಾಯವುಂಟು. ಬಿಳಿಯ ಗೋಡೆಯ ಚಿತ್ರವನ್ನು ಮಲ್ಟಿಪ್ಲೈ ಎಂಬ ಬಗೆಯಲ್ಲಿ ತಿಳಿಬಣ್ಣದ ಹೊಸ ಹಿನ್ನೆಲೆಯ ಮೇಲಿಟ್ಟರೆ ಬಿಳಿಯೆಲ್ಲ ಮಾಯವಾಗಿ ಎಳೆಗಳು ಮಾತ್ರ ನಿಲ್ಲುವುವು. ಮುಖವೂ ಬಟ್ಟೆಯೂ ಕಪ್ಪಾಗದಂತೆ ಅವುಗಳ ಬಿಡಿಸಿದ ನಕಲನ್ನು ಅದರ ಮೇಲೆ ಇಡಬೇಕು.

ಹಳೆಯ ಕಪ್ಪುಬಿಳುಪಿನ ಪಟಗಳು ಹಳದಿಯಾಗಿ, ಕಲೆಬಿದ್ದಿರುವುದುಂಟು. ಅವನ್ನು ಸ್ಕ್ಯಾನ್ ಮಾಡುವಾಗ ವರ್ಣಚಿತ್ರವಾಗಿಯೇ ಮಾಡಬೇಕು. ಹಳದಿಯ ಕಲೆ ನೀಲಿ ಚಾನೆಲ್ಲಿನಲ್ಲಿ ಬಹಳ ಎದ್ದು ಕಾಣುವುದು, ಕೆಂಪಿನಲ್ಲಿ ಬಹಳ ಕಡಮೆ ಕಾಣುವುದು. ಆದುದರಿಂದ ಇಲ್ಲಿ ಕೆಂಪು ಚಾನೆಲ್ಲಿನಿಂದಲೇ ಕೆಲಸವನ್ನು ತೊಡಗತಕ್ಕದ್ದು.

7. ಪರೀಕ್ಷೆ

ಕೆಲಸ ಮುಗಿಯಿತೆಂದು ತೋರಿದಾಗ ಚಿತ್ರದ ಕೆಳಗೆ ಕಪ್ಪು, ಬಿಳಿ, ಕೆಂಪು ಎಂಬ ಮೂರು ಬಣ್ಣಗಳನ್ನು ಒಂದಾದಮೇಲೊಂದರಂತೆ ಇಟ್ಟು ನೋಡಿರಿ. ತೊಳೆಯದೆ ಉಳಿದ ಗೋಡೆಯ ಬಿಳುಪು ಕಪ್ಪಿನ ಮೇಲೆ ಹೊಳೆಯುವುದು. ಹೆಚ್ಚಾಗಿ ಉಳಿಸಿಕೊಂಡ ಕಪ್ಪು ಬಿಳಿಯ ಮೇಲೆ ಕೊಳೆಯಂತೆ ಕಾಣುವುದು. ಮುಖದಲ್ಲಿಯೋ ಹೂವಿನಲ್ಲಿಯೋ ಬಿದ್ದ ತೂತು ಕೆಂಪಿನ ಮೇಲೆ ಬಯಲಾಗುವುದು. ಜಡೆಗೂ ಕತ್ತಿಗೂ ನಡುವೆ, ಕಿವಿಯ ಹಿಂದೆ, ಗುಂಗುರಿನ ಸುರುಳಿಯೊಳಗೆ ಹಳೆಯ ಗೋಡೆ ಇಣುಕುತ್ತಿರುವುದುಂಟು, ಅಲ್ಲಿಯೂ ನೋಡಬೇಕು. ಹಿನ್ನೆಲೆಯಿಲ್ಲದ ಚಿತ್ರವನ್ನು ಪಿಎನ್‌ಜಿ ಎಂಬ ಬಗೆಯಲ್ಲಿ ಉಳಿಸಬೇಕು. ಜೆಪೆಗ್ ಬಗೆಯಲ್ಲಿ ಪಾಲಿಗೆ ಸ್ಥಳವಿಲ್ಲ.

8. ಯಂತ್ರದ ಊಹೆ

ಈಚಿನ ವರ್ಷಗಳಲ್ಲಿ ಒಂದು ಗುಂಡಿಯನ್ನೊತ್ತಿದರೆ ತಾನಾಗಿ ಹಿನ್ನೆಲೆಯನ್ನು ತೆಗೆಯುವ ಸಾಧನಗಳು ಬಂದಿವೆ. ಫೋಟೋಶಾಪಿನಲ್ಲಿ 2018ರಿಂದ ಸೆಲೆಕ್ಟ್ ಸಬ್ಜೆಕ್ಟ್ ಎಂಬುದುಂಟು. ಅಸಂಖ್ಯ ಚಿತ್ರಗಳನ್ನು ನೋಡಿ ಕಲಿತ ಈ ಯಂತ್ರಗಳು ಬಾಚಿ ಹೆಣೆದ ಜಡೆಯನ್ನು ಚೆನ್ನಾಗಿ ಬಿಡಿಸುತ್ತವೆ. ಆದರೆ ಕೆದರಿದ ಕೂದಲು, ದಟ್ಟವಾದ ಗುಂಗುರು, ಹಣೆಯ ಮೇಲಿನ ಸಣ್ಣ ಕೂದಲು ಇವುಗಳಲ್ಲಿ ಎಡವುವುದುಂಟು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಕೈಗೆ ಸಿಕ್ಕದ ಆ ಸಣ್ಣ ಕೂದಲನ್ನು ಪ್ರತಿಯೊಬ್ಬ ತಾಯಿಯೂ ಬಲ್ಲಳು. ಯಂತ್ರವು ಅದನ್ನು ಕಸವೆಂದು ತಿಳಿದು ಗುಡಿಸಿಬಿಡುವುದು. ಯಂತ್ರದಿಂದ ಆರಂಭಿಸುವುದು ತಪ್ಪಲ್ಲ. ಅಲ್ಲಿಗೇ ಮುಗಿಸುವುದು ತಪ್ಪು.

ತಾಯಿತಂದೆಗಳಿಗೆ ಇಲ್ಲಿ ಒಂದು ಮಾತು. ಹಿನ್ನೆಲೆ ತೆಗೆದುಕೊಡುವ ಕೆಲವು ಸೇವೆಗಳಲ್ಲಿ ಚಿತ್ರವು ನಮ್ಮ ಯಂತ್ರದಲ್ಲಿ ಉಳಿಯದೆ ಅಂತರ್ಜಾಲದ ಮೂಲಕ ಪರರ ಯಂತ್ರಕ್ಕೆ ಹೋಗುವುದು. ಹೆಣ್ಣುಮಕ್ಕಳ ಚಿತ್ರಗಳನ್ನು ಗುರುತಿಲ್ಲದವರ ವಶಕ್ಕೆ ಕೊಡುವ ಮುನ್ನ ಯೋಚಿಸಬೇಕು. ಗಿಂಪಿನಂಥ ತಂತ್ರಾಂಶದಲ್ಲಿ ಕೆಲಸವೆಲ್ಲ ಮನೆಯ ಯಂತ್ರದಲ್ಲಿಯೇ ಮುಗಿಯುವುದು.

9. ಚಿತ್ರದ ಸತ್ಯ

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಅಗಲಿಹೋದ ಶಿಕ್ಷಕಿಯೊಬ್ಬರದು ಒಂದೇ ಒಂದು ಚಿತ್ರ ಉಳಿದಿರುವುದುಂಟು. ಅಜ್ಜಿಯದು ಯಾರದೋ ಮದುವೆಯ ಗುಂಪಿನಲ್ಲಿ ಮಾತ್ರ ಇರುವುದುಂಟು. ಅವರನ್ನು ಕಂಡಿಲ್ಲದ ಮೊಮ್ಮಕ್ಕಳು ಆ ಚಿತ್ರದಿಂದಲೇ ಅವರನ್ನು ಅರಿಯಬೇಕು. ಕಿವಿಯ ಬಳಿ ಸದಾ ಬಿಡಿಸಿಕೊಳ್ಳುತ್ತಿದ್ದ ಒಂದು ಎಳೆ, ಬೈತಲೆಯ ಎರಡು ಕಡೆಗೂ ಏಳುತ್ತಿದ್ದ ಗುಂಗುರು ಇವುಗಳಿಂದಲೇ ಬಲ್ಲವರು ‘ಇವರೇ ಹೌದು’ ಎನ್ನುವರು. ಅವನ್ನು ಗೆರೆಯೆಳೆದು ಬೋಳಿಸಿದರೆ ಹೆಸರು ಅವರದಾಗಿಯೂ ರೂಪ ಬೇರೊಬ್ಬರದಾಗಿಯೂ ಉಳಿಯುವುದು. ಒಪ್ಪವಾಗಲೆಂದು ಎಲ್ಲರ ಕೂದಲನ್ನೂ ನುಣುಪು ಮಾಡುವುದು ಉಪಕಾರವಲ್ಲ.

ಇನ್ನೊಂದು ಹೊಣೆಯೂ ಇದೆ. ಚೆನ್ನಾಗಿ ಬಿಡಿಸಲು ಬಂದವರಿಗೆ ಚೆನ್ನಾಗಿ ಕೂಡಿಸಲೂ ಬರುವುದು. ತರಗತಿಯ ಚಿತ್ರ ತೆಗೆದ ದಿನ ಜ್ವರದಿಂದ ಬಾರದಿದ್ದ ಹುಡುಗಿಯನ್ನು ಸಾಲಿನ ಕೊನೆಯಲ್ಲಿ ತಂದು ನಿಲ್ಲಿಸುವುದು ಪ್ರೀತಿಯ ಕೆಲಸವೇ. ಆದರೆ ಐವತ್ತು ವರ್ಷಗಳ ತರುವಾಯ ಆ ಪುಟವನ್ನು ತೆರೆದವರು ಅದನ್ನು ನಡೆದದ್ದೆಂದೇ ನಂಬುವರು. ಆದುದರಿಂದ ಚಿತ್ರದ ಕೆಳಗೆ ‘ಬೇರೆ ಬೇರೆ ಚಿತ್ರಗಳಿಂದ ಜೋಡಿಸಿದ್ದು’ ಎಂಬ ಒಂದು ಸಾಲನ್ನು ಬರೆಯತಕ್ಕದ್ದು. ಮೂಲಚಿತ್ರಗಳನ್ನು ವರ್ಷ, ಸ್ಥಳ, ನಿಂತವರ ಹೆಸರುಗಳೊಡನೆ ಬೇರೆಯಾಗಿ ಕಾಪಾಡತಕ್ಕದ್ದು. ಹಿಂದಿನ ಕ್ಯಾಲೆಂಡರಿನಿಂದಲೇ ಒಂದು ಚಿತ್ರದ ಕಾಲವು ಮುಂದೆ ಯಾರಿಗಾದರೂ ತಿಳಿಯಬೇಕಾದೀತು. ಹಿನ್ನೆಲೆಯೂ ಒಂದು ಸಾಕ್ಷಿಯೇ.

ಅಭ್ಯಾಸ

1. ಕೂದಲಿನ ಅಂಕೆ 40, ಗೋಡೆಯ ಅಂಕೆ 240 ಇರುವಲ್ಲಿ ಒಂದು ಪಿಕ್ಸೆಲ್ಲಿನ ಅಂಕೆ 190 ಆಗಿದ್ದರೆ ಅದರಲ್ಲಿ ಕೂದಲಿನ ಪಾಲು ಎಷ್ಟು? (ಉತ್ತರ: ನೂರಕ್ಕೆ 25.)

2. ನಿಮ್ಮ ಮನೆಯ ಒಂದು ಚಿತ್ರದ ಮೂರು ಚಾನೆಲ್ಲುಗಳನ್ನು ನೋಡಿ, ಕೂದಲು ಯಾವುದರಲ್ಲಿ ಗೋಡೆಯಿಂದ ಹೆಚ್ಚು ಬೇರೆಯಾಗಿ ಕಾಣುವುದೆಂಬುದನ್ನೂ ಅದರ ಕಾರಣವನ್ನೂ ಬರೆಯಿರಿ.

3. ಮನೆಯ ಹಿರಿಯರೊಬ್ಬರ ಚಿತ್ರವನ್ನು ಈ ಕ್ರಮದಿಂದ ಬಿಡಿಸಿ, ಅವರನ್ನು ಹತ್ತಿರದಿಂದ ಬಲ್ಲವರಿಗೆ ತೋರಿಸಿರಿ. ‘ಏನೋ ಬದಲಾಗಿದೆ’ ಎಂದು ಅವರು ಹೇಳಿದರೆ, ಏನೆಂದು ಕೇಳಿ ಗುರುತುಮಾಡಿಕೊಂಡು, ಮುಸುಕಿನಲ್ಲಿ ಆ ಎಳೆಗಳನ್ನು ಮರಳಿ ತನ್ನಿರಿ.